ಸುಮ್ಮಟಕ್ಕೆ ಒಬ್ಬ ಮೇಸ್ತ್ರಿ, ಇಬ್ಬರು ಆಳು

ನಮ್ಮ ಕಾಫಿ ಎಸ್ಟೇಟಿನಲ್ಲಿ ಬೆಳಿಗ್ಗೆ ಏಳೂವರೆಗೆ ಹಾಜರಿ ಕೂಗುತ್ತಾರೆ. ನಮ್ಮ ಎಸ್ಟೇಟು ಅಂತ ಬಾಯಿಗೆ ಬಂತು, ಅದು ನನ್ನದಲ್ಲ. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಕಲ್ಲು ಕಟ್ಟುತ್ತಿದ್ದೀನಿ, ಅಲ್ಲಿ ನಿಂತಿರೋ ತಡೆಗೋಡೆಯಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಎದ್ದದ್ದು, ಹಾಗಾಗಿ ನಮ್ಮದು ಅನ್ನೋಕೆ ನಾನು ಯಾರ ಅಪ್ಪಣೆಯನ್ನೂ ಕೇಳೋದಿಲ್ಲ.

ಸ್ಟೋರ್ ಮುಂದಿನ ಕಣದಲ್ಲಿ ಆಳುಗಳೆಲ್ಲ ನಿಂತಿರಬೇಕು. ಆಳು-ಕೆಲಸದ ಲೆಕ್ಕ ಬರೆಯೋ ರೈಟರ್ ಮೆಟ್ಟಿಲ ಮೇಲೆ ನಿಂತು ಮೊದಲು ಕೆಲಸದ ಹೆಸರು ಕೂಗುತ್ತಾರೆ, ಆಮೇಲೆ ಎಷ್ಟು ಆಳು ಅಂತ, ಕಡೆಗೆ ಆಳುಗಳ ಹೆಸರು. 'ಮರಗಸಿಗೆ' ಅಂತ ಕೂಗಿದರೆ ನೆರಳಿನ ಮರ ಹತ್ತಿ ಕೊಂಬೆ ಸವರೋ ನಾಲ್ಕು ಜನ, 'ಚಿಗುರು ತೆಗೆಯೋಕೆ' ಅಂತ ಕೂಗಿದರೆ ಹತ್ತು ಹೆಂಗಸರು. ಹೆಸರು ಬಂದವರು ಒಂದು ಹೆಜ್ಜೆ ಮುಂದಕ್ಕೆ ಬರಬೇಕು. ಬಂದರೆ ಹಾಜರು. ಬರದಿದ್ದರೆ, ಎಲ್ಲರ ಕಣ್ಣೆದುರಿಗೇ ಕಂಬದ ಹಾಗೆ ನಿಂತಿದ್ದರೂ ಅವತ್ತು ಗೈರು. ಈಗಿನ ಸಾವ್ಕಾರ್ರ ಅಪ್ಪನ ಕಾಲದ ಕಟ್ಟಲೆ ಇದು. ಮೊಬೈಲು ಬಂತು, ಆಳು ಕರೆತರೋಕೆ ಜೀಪು ಬಂತು, ಆ ಒಂದು ಹೆಜ್ಜೆ ಮಾತ್ರ ಹೋಗಲಿಲ್ಲ.

ಈ ಹಾಜರಿಯಲ್ಲಿ ಒಂದು ಹೆಸರನ್ನು ನಾಲ್ಕು ದಿನ ಕೂಗಿದರೆ ಮುಗೀತು, ಅದು ಮಣ್ಣಿಗೆ ಅಂಟಿಕೊಳ್ಳುತ್ತೆ. ಕೆಳಗಿನ ಹಳ್ಳದ ಹತ್ತಿರದ ತೋಟದ ತುಂಡಿಗೆ 'ಕೊಡೆ ಹಾರಿದ ಬ್ಲಾಕು' ಅಂತ ಹೆಸರು. ಯಾರದೋ ಕೊಡೆ ಯಾವತ್ತೋ ಗಾಳಿಗೆ ಹಾರಿತ್ತಂತೆ. ಕೊಡೆಯೂ ಇಲ್ಲ, ಕೊಡೆಯವರೂ ಇಲ್ಲ. ಬ್ಲಾಕಿನ ಹೆಸರು ಇವತ್ತಿಗೂ ಅದೇ.

ಹಾಗೆ ಅಂಟಿಕೊಂಡ ಇನ್ನೊಂದು ಹೆಸರು 'ದಡ್ಡನ ಅಗಳು.' ಆ ದಡ್ಡ ನಮ್ಮಪ್ಪ.

ಅಗಳು ಅಂದರೆ ಆನೆ ದಾಟದ ಹಾಗೆ ತೋಟದ ಅಂಚಿಗೆ ತೆಗೆಯೋ ಆಳದ ಕಂದಕ. ಹೆತ್ತೂರು ಕಡೆಯ ಕಾಡಿಗೆ ಮುಖ ಮಾಡಿರೋ ಮೇಲಿನ ಬ್ಲಾಕಿನಲ್ಲಿ ಒಂದು ಬೇಸಿಗೆ ಪೂರ್ತಿ ಅಪ್ಪ ಮುಂದಾಳಾಗಿ, ಇನ್ನೂ ಐದು ಜನ ಸೇರಿ ಅದನ್ನು ತೋಡಿದರು. ಅಗಳು ತೋಡುವಾಗ ಮಣ್ಣನ್ನು ತೋಟದ ಕಡೆಗೆ ಎತ್ತಿ ಹಾಕಬೇಕು. ಆಗ ಆನೆಗೆ ಮುಂದೆ ಗುಂಡಿ, ಗುಂಡಿಯ ಆಚೆಗೆ ದಿಬ್ಬ. ಅಪ್ಪ ಕಾಡಿನ ಕಡೆಗೆ ಹಾಕಿದ. ಮಳೆ ಹಿಡಿದು ಹದಿನೈದು ದಿನಕ್ಕೆ ಆನೆ ಬಂದವು. ಸಡಿಲ ಮಣ್ಣನ್ನು ಕಾಲಲ್ಲಿ ತಳ್ಳಿ ತಳ್ಳಿ ಅಗಳಿಗೆ ಕೆಡವಿದವು, ತಮಗೆ ತಾವೇ ರಸ್ತೆ ಮಾಡಿಕೊಂಡು ಬಾಳೆಗೆ ಇಳಿದವು. ಮರುದಿನ ಹಾಜರಿಯಲ್ಲಿ ಆಗಿನ ರೈಟರ್ ಕೂಗಿದ್ದು, 'ದಡ್ಡನ ಅಗಳಿಗೆ ಎಂಟು ಆಳು!'

ಮಣ್ಣು ಕಾಡಿನ ಕಡೆಗೇ ಹಾಕು ಅಂತ ಹೇಳಿದ್ದು ಅದೇ ರೈಟರ್. ಅಪ್ಪ ಅದನ್ನು ಯಾರ ಹತ್ತಿರವೂ ಆಡಲಿಲ್ಲ. ನನಗೆ ಹಾರೆ ಹಿಡಿಯೋದು ಕಲಿಸುವಾಗ ಒಂದೇ ಒಂದು ಸಲ ಹೇಳಿದ್ದ: "ಹೇಳಿದ್ದು ಅವ್ನು ಕಣ್ಲಾ. ಹಾಕಿದ್ದು ನಾನು. ಕೈ ನಂದಲ್ವಾ?"

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಬಡತನಕ್ಕೆ ಬಿಟ್ಟ ಅಂತ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ಇರಲಿ ಅಂತ ಬಿಟ್ಟಿದ್ದೆ. ನಿಜ ಏನೆಂದರೆ, ಒಂದು ಲೆಕ್ಕ ತಪ್ಪಿದಾಗ ಹಿಂದಿನ ಬೆಂಚಿನಿಂದ ಒಬ್ಬ 'ದಡ್ಡನ ಅಗಳು' ಅಂದ. ಹುಡುಗರು ನಕ್ಕರು. ಅದಕ್ಕೆ ನನಗೇನೂ ಆಗಲಿಲ್ಲ. ಆದರೆ ಮೇಷ್ಟ್ರೂ ನಕ್ಕುಬಿಟ್ಟರು. ಮರುದಿನದಿಂದ ನಾನು ಅಪ್ಪನ ಜೊತೆ ಕಲ್ಲಿಗೆ ಹೋದೆ. ಅಪ್ಪ ತೀರಿಕೊಂಡು ಇಷ್ಟು ವರ್ಷವಾದರೂ ಆ ಹೆಸರನ್ನು ವಾರಕ್ಕೆ ಎರಡು ಸಲ ಹಾಜರಿಯಲ್ಲಿ ಕೇಳಿಸಿಕೊಂಡೇ ನಾನು ದುಡಿದದ್ದು. ತಲೆ ತಗ್ಗಿಸಲಿಲ್ಲ. ಆದರೆ ಮರೆಯಲೂ ಇಲ್ಲ.

ಹೋದ ಸಲದ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಸಾವ್ಕಾರ್ರು ಕಣಕ್ಕೆ ಕರೆದರು. ಎಪ್ಪತ್ತು ದಾಟಿದ ಮನುಷ್ಯ, ಕೈಯಲ್ಲಿ ಒಂದು ಬೆತ್ತ.

"ಏನಯ್ಯಾ ಮೇಸ್ತ್ರಿ, ಒಂದು ಕೆಲ್ಸ ಐತೆ. ನಗಬಾರ್ದು."

ಬೆತ್ತದ ತುದಿಯಲ್ಲಿ ನೆಲದ ಮೇಲೆ ಬರೆದು ತೋರಿಸಿದರು. ಹುಲ್ಲಿನ ಬಣವೆ ಥರ ದುಂಡಗೆ ಒಂದು ಕಲ್ಲಿನ ಗುಡ್ಡೆ, ಆಳೆತ್ತರಕ್ಕಿಂತ ಒಂದಿಷ್ಟು ಜಾಸ್ತಿ. ಅದರ ಮೈ ಸುತ್ತಿಕೊಂಡು ಹನ್ನೊಂದು ಮೆಟ್ಟಿಲು. ಮೇಲೆ ಒಂದು ಬಾಗಿಲ ಚೌಕಟ್ಟು, ಕಲ್ಲಿಂದು. ಬಾಗಿಲಾಚೆ ಒಬ್ಬರು ಕೂರೋವಷ್ಟು ಒಂದು ಹಾಸುಗಲ್ಲು. ಅಷ್ಟೆ.

"ಮೇಲೆ ನೀರಿನ ಟ್ಯಾಂಕು ಬರುತ್ತಾ?"

"ಇಲ್ಲ."

"ಆನೆ ಕಾಯೋ ಅಟ್ಟಣೆನಾ?"

"ಅಲ್ಲ ಕಣಯ್ಯಾ."

"ಹೋಮ್‌ಸ್ಟೇ ಏನಾದ್ರೂ..."

"ಥೂ, ಬಾಯಿ ತೊಳ್ಕೊ."

"ಮತ್ತೆ ಯಾಕೆ ಸಾವ್ಕಾರ್ರೆ?"

"ಸುಮ್ನೆ ಕಣಯ್ಯಾ. ಹುಟ್ಟಿದಾಗಿಂದ ಉಪಯೋಗಕ್ಕೆ ಬರೋದೇ ಮಾಡ್ಸಿ ಮಾಡ್ಸಿ ಸಾಕಾಗೈತೆ. ಒಂದಾದ್ರೂ ಸುಮ್ನೆ ಇರೋದು ಬೇಕು ಅನ್ನಿಸ್ತು."

ನನಗೆ ರೇಗಿತು. ನಾನು ಕಟ್ಟಿದ ಗೋಡೆ ಮಣ್ಣು ತಡೆದಿದೆ, ನಾನು ಕಟ್ಟಿದ ಮೋರಿ ಮೇಲೆ ಲೋಡಿನ ಟ್ರ್ಯಾಕ್ಟರು ಓಡಾಡುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಗುಡ್ಡ ಕುಸಿಯುವಾಗ ನನ್ನ ಒಂದು ಕಲ್ಲೂ ಅಲ್ಲಾಡಿಲ್ಲ. ಅಂಥ ಕೈಗೆ ಸುಮ್ನೆ ಇರೋದನ್ನ ಕಟ್ಟು ಅಂದರೆ? ಮನೆಗೆ ಬಂದು ಹೆಂಡತಿಯ ಹತ್ತಿರ ಕೂಗಾಡಿದೆ. ಅವಳು ರೊಟ್ಟಿ ತಟ್ಟುತ್ತಾ ಇದ್ದವಳು ತಲೆಯನ್ನೂ ಎತ್ತದೆ, "ಯಾಕೆ ಅನ್ನೋದು ಕಟ್ಟೋ ಕಲ್ಲಿಗೆ ಗೊತ್ತಾಗುತ್ತಾ? ಕಟ್ಟು ಹೋಗು. ವಾಲಿಸ್ಬ್ಯಾಡ ಮಾತ್ರ" ಅಂದಳು.

ಒಪ್ಪಿಕೊಳ್ಳೋಕೆ ಮಾರನೆ ದಿನ ಹೋದೆ. ಎಲ್ಲಿ ಕಟ್ಟಲಿ ಅಂತ ಕೇಳಿದೆ. "ಎಲ್ಲಾದ್ರೂ ಕಟ್ಟು. ನನ್ ಕಾಲಿಗೆ ಹತ್ತೋ ಹಾಗಿದ್ರೆ ಸಾಕು" ಅಂದರು. ನನ್ನ ಬಾಯಿಂದ ಮಾತು ತಾನಾಗೇ ಬಂತು: "ಮೇಲಿನ ಬ್ಲಾಕಿನ ಅಗಳ ಪಕ್ಕ ಕಟ್ತೀನಿ. ಜೀಪು ಅಲ್ಲೀವರೆಗೂ ಹೋಗುತ್ತೆ. ಕಲ್ಲೂ ಬೇಕಾದಷ್ಟು ಬಿದ್ದಾವೆ."

ಕಲ್ಲು ಬಿದ್ದಿದ್ದು ನಿಜ. ಆದರೆ ಅದು ಅರ್ಧ ನಿಜ. ಕೊಡೆ ಹಾರಿದ್ದಕ್ಕೇ ಒಂದು ಬ್ಲಾಕಿಗೆ ಹೆಸರಾಗೋದಾದರೆ, ಅಗಳ ಪಕ್ಕದಲ್ಲಿ ಹತ್ತು ಮೈಲಿಯಲ್ಲಿ ಇಲ್ಲದಂಥದ್ದು ಒಂದು ಎದ್ದು ನಿಂತರೆ ಆ ಬ್ಲಾಕನ್ನು ಜನ ಅದರ ಹೆಸರಲ್ಲೇ ಕರೆಯಬೇಕಾಗುತ್ತೆ. ದಡ್ಡ ಅನ್ನೋ ಮಾತು ಬಾಯಿಂದ ಬೀಳಬೇಕಾಗುತ್ತೆ. ಇದು ನನ್ನ ಲೆಕ್ಕ. ಯಾರಿಗೂ ಹೇಳಲಿಲ್ಲ.

ಮರುದಿನ ಹಾಜರಿಯಲ್ಲಿ ರೈಟರ್ ಕೆಲಸ ಒಂದೊಂದೇ ಕೂಗುತ್ತಾ ಬಂದವರು ನನ್ನ ಸರದಿಗೆ ಬಂದಾಗ ತಡವರಿಸಿದರು. ಈಗಿನ ರೈಟರ್ ಇನ್ನೂ ಸಣ್ಣ ವಯಸ್ಸಿನವರು, ಬೆಳಗೋಡು ಕಡೆಯವರು, ಬಿ.ಎ. ಓದಿದ್ದಾರೆ, ಬಂದು ಎರಡು ವರ್ಷ. ಕೆಟ್ಟವರಲ್ಲ, ತಮಾಷೆ ಬಾಯಿ. ಒಂದು ಗಳಿಗೆ ಆಕಾಶ ನೋಡಿ, "ಆ ಹುಚ್ಚಿಗೆ... ಕಲ್ಲು ಮೇಸ್ತ್ರಿ ಒಬ್ಬ, ಇಬ್ರು ಹೆಣ್ಣಾಳು!" ಅಂದರು.

ಕಣಕ್ಕೆ ಕಣವೇ ನಕ್ಕಿತು. ಮರಗಸಿಯವರ ಗುಂಪಿನಿಂದ ಒಬ್ಬ, "ದಡ್ಡನ ಅಗಳ ಪಕ್ಕಕ್ಕೆ ಹುಚ್ಚು! ಜೋಡಿ ಚೆನ್ನಾಗಿ ಕೂಡ್ತು ಮಾರಾಯಾ" ಅಂದ.

ಇಪ್ಪತ್ತೆಂಟು ವರ್ಷದ ಅಭ್ಯಾಸ, ಕಾಲು ಮುಂದಕ್ಕೆ ಹೋಗಿಬಿಡ್ತು. ಹೆಜ್ಜೆ ಇಟ್ಟ ಮೇಲೆ ಗೊತ್ತಾಯಿತು, ಆ ಹೆಸರಿಗೆ ನಾನು ಹೂಂ ಅಂದುಬಿಟ್ಟೆ ಅಂತ. ಒಂದನ್ನು ಕೀಳೋಕೆ ಹೋಗಿ ಅದರ ಪಕ್ಕ ಇನ್ನೊಂದನ್ನು ನೆಟ್ಟ ಹಾಗಾಗಿತ್ತು. ಎಲ್ಲರೂ ಚದುರಿದ ಮೇಲೆ ರೈಟರ ಹತ್ತಿರ ಹೋದೆ.

"ರೈಟ್ರೇ, ಬೇರೆ ಹೆಸ್ರಲ್ಲಿ ಕೂಗಿ."

"ಏನಂತ ಕೂಗ್ಲಿ ಮೇಸ್ತ್ರಿ, ನೀವೇ ಹೇಳಿ. ಗೋಡೆನಾ? ಮನೆನಾ? ಗುಡಿನಾ?"

"ಯಾವ್ದೂ ಅಲ್ಲ."

"ಹಂಗಾದ್ರೆ ಹೆಸ್ರು ತನ್ನಿ, ಕೂಗ್ತೀನಿ."

"ತರ್ತೀನಿ" ಅಂದೆ. ತರ್ತೀನಿ ಅಂದ ಮೇಲೆ ತರಬೇಕು. ಅಷ್ಟು ಮರ್ಯಾದೆ ನನ್ನ ಮಾತಿಗೆ ನಾನೇ ಕೊಡದಿದ್ದರೆ ಇನ್ಯಾರು ಕೊಡ್ತಾರೆ?

ನನ್ನ ಜೊತೆಗೆ ಬಂದ ಇಬ್ಬರು ಅತ್ತೆ ಸೊಸೆ. ಅತ್ತೆಯನ್ನು ಆಳುಗಳ ಲೈನ್ ಮನೆಗಳಲ್ಲಿ ಎಲ್ಲರೂ ದೊಡ್ಡಕ್ಕ ಅಂತ ಕರೀತಾರೆ. ಸಿಂಬಿ ಇಟ್ಟು ತಲೆಯ ಮೇಲೆ ಕಲ್ಲು ಹೊತ್ತರೆ ಗಂಡಸರೂ ಅವರಿಗಿಂತ ಹಿಂದೆ ಉಳೀತಾರೆ. ಸೊಸೆ ಮಾತು ಕಮ್ಮಿ, ಚಕ್ಕೆಗಲ್ಲು ಆರಿಸಿ ಕೊಡೋದರಲ್ಲಿ ಚುರುಕು. ಸಿಮೆಂಟು ಬೇಡ ಅಂತ ನಾನೇ ಹೇಳಿದ್ದೆ. ಕಲ್ಲಿಗೆ ಕಲ್ಲನ್ನೇ ಕಚ್ಚಿಸಿ, ಸಂದಿಗೆ ಚಕ್ಕೆ ಹೊಡೆದು ಕಟ್ಟಿದರೆ ಮಳೆ ನೀರು ನಡುವೆಯೇ ಇಳಿದು ಹೋಗುತ್ತೆ, ಉಬ್ಬೋದಿಲ್ಲ.

ಕಲ್ಲುಗಳು ಅಗಳ ಆಚೆ ದಡದಲ್ಲಿ, ಕಾಡಿನ ಕಡೆಗೇ ಬಿದ್ದಿದ್ದವು. ಮಣ್ಣನ್ನು ಆನೆ ತಳ್ಳಿತ್ತು, ಉಳಿದದ್ದನ್ನು ಮಳೆ ಕೊಚ್ಚಿತ್ತು. ಕಲ್ಲು ಮಾತ್ರ ಪಾಚಿ ಕಟ್ಟಿಕೊಂಡು ಹಾಗೇ ಇದ್ದವು. ಅಲ್ಲೊಂದು ಇಲ್ಲೊಂದರಲ್ಲಿ ಹಾರೆಯ ಏಟಿನ ಗುರುತು. ಅಪ್ಪ ಹಾರೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಹೊಡೀತಿದ್ದ. ಗುರುತು ನೋಡಿದರೇ ನನಗೆ ಗೊತ್ತಾಗ್ತಿತ್ತು. ಅಂಥ ಕಲ್ಲನ್ನು ಒಂದು ಪಕ್ಕಕ್ಕೆ ಇಡಿಸಿ, ಮೆಟ್ಟಿಲಿಗೆ ಹಾಕಿದೆ.

ಒಂದು ವಾರ ಕಳೆಯೋ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಗೋಡೆ ಕಟ್ಟುವಾಗ ಗೋಡೆಯೇ ನಿಮಗೆ ಹೇಳುತ್ತೆ, ಇಷ್ಟು ದಪ್ಪ ಸಾಕು, ಇಷ್ಟು ಎತ್ತರ ಸಾಕು ಅಂತ. ಇದು ಏನನ್ನೂ ಹೇಳಲಿಲ್ಲ. ಪ್ರತಿ ಕಲ್ಲಿಗೂ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಚೆನ್ನಾಗೈತಾ ಇಲ್ವಾ ಅಂತ ನೋಡಬೇಕು. ತೂಗುಗುಂಡು, ರಸಮಟ್ಟ ಎಲ್ಲ ಇದ್ದೂ ಕಡೆಗೆ ಒಪ್ಪಬೇಕಾದ್ದು ನಾನು. ಇಷ್ಟು ಕಷ್ಟದ ಕೆಲಸ ನಾನು ಹಿಂದೆ ಮಾಡಿರಲಿಲ್ಲ. ಐದನೇ ಮೆಟ್ಟಿಲನ್ನು ಮೂರು ಸಲ ಕಿತ್ತೆ.

ಆದರೆ ದಿನಾ ಬೆಳಿಗ್ಗೆ 'ಹುಚ್ಚಿಗೆ' ಅಂತ ಕೂಗಿಸಿಕೊಂಡೇ ಬರಬೇಕು. ಅದು ಅಂಟೋ ಮೊದಲು ಹೆಸರು ಸಿಗಬೇಕಿತ್ತು.

ಪದ ಹುಡುಕೋದು ನನ್ನಂಥವನ ಕೆಲಸ ಅಲ್ಲ ಅಂತ ನೀವು ಅನ್ನಬಹುದು. ಯಾಕಲ್ಲ? ಕಲ್ಲನ್ನು ಆರಿಸೋ ಹಾಗೇ ಆರಿಸೋದು. ನಾನು ನನಗೇ ಷರತ್ತು ಹಾಕಿಕೊಂಡೆ. ಹಾಜರಿಯಲ್ಲಿ ಒಂದೇ ಉಸಿರಿಗೆ ಕೂಗೋ ಹಾಗಿರಬೇಕು. ಸ್ಕೂಲಿನ ಮುಖ ನೋಡದ ದೊಡ್ಡಕ್ಕನ ನಾಲಿಗೆಗೆ ತೊಡರಬಾರದು. ಈಗಾಗಲೇ ಇನ್ಯಾವುದರದ್ದೋ ಹೆಸರಾಗಿರಬಾರದು. ಅದರಲ್ಲಿ ಬೈಗುಳ ಇರಬಾರದು.

'ಚೆಂದಗಲ್ಲು' ಅಂತ ಒಂದು ಬಂತು. ಒಡವೆ ಅಂಗಡಿ ಥರ ಕೇಳಿಸ್ತು, ಬಿಟ್ಟೆ. 'ಹುಕಿಕಟ್ಟೆ' ಎರಡು ದಿನ ಇಷ್ಟವಾಗಿತ್ತು. ಮೂರನೇ ದಿನ, ನಮ್ಮೂರಲ್ಲಿ ಹುಕಿ ಬರೋದು ಸಂಜೆ ಅಂಗಡಿ ಮುಂದೆ ಕುಡಿದು ಕೂರೋರಿಗೆ ಅಂತ ನೆನಪಾಗಿ ಅದನ್ನೂ ಬಿಟ್ಟೆ. ರೈಟರೇ ಒಂದು ಹೇಳಿದರು: ನಿಷ್ಪ್ರಯೋಜಕ ಶಿಲ್ಪ. ದೊಡ್ಡಕ್ಕ ಕೇಳಿ, "ಯಾವ್ದದು, ಕೆಮ್ಮಿನ ಔಷ್ದಿನಾ?" ಅಂದರು.

ಒಂದು ದಿನ ಕೆಲಸ ನೋಡೋಕೆ ಸಾವ್ಕಾರ್ರು ಜೀಪಿನಲ್ಲಿ ಬಂದಾಗ ಅವರನ್ನೂ ಕೇಳಿದೆ. ಅವರು ಓದಿದ್ದು ಊಟಿ ಕಡೆ ಎಲ್ಲೋ.

"ಇಂಗ್ಲೀಷ್ನಲ್ಲಿ ಇಂಥದ್ದಕ್ಕೆ ಫಾಲಿ ಅಂತಾರೆ ಕಣಯ್ಯಾ. ದೊಡ್ಡ ದೊಡ್ಡ ದೊರೆಗಳೇ ಕಟ್ಸಿದಾರೆ, ಅವ್ರ ತೋಟದಲ್ಲಿ."

"ಹಂಗಂದ್ರೆ ಅರ್ಥ?"

ಸಾವ್ಕಾರ್ರು ಬೆತ್ತದಲ್ಲಿ ಒಂದು ಚಕ್ಕೆಯನ್ನು ಪಕ್ಕಕ್ಕೆ ತಳ್ಳಿದರು. "ದಡ್ಡತನ ಅಂತ."

ನಾನು ಸುತ್ತಿಗೆ ಕೆಳಗಿಟ್ಟೆ. ಅಷ್ಟು ದೂರದ ದೊರೆಗಳಿಗೂ ಬೇರೆ ಮಾತು ಸಿಗಲಿಲ್ಲವಾ ಅನ್ನಿಸ್ತು. ದಡ್ಡ ಅನ್ನೋ ಮಾತಿಗೆ ನಮ್ಮ ಮನೆಯಲ್ಲಿ ಏನು ತೂಕ ಇದೆ ಅಂತ ಸಾವ್ಕಾರ್ರಿಗೆ ಗೊತ್ತು. ಅದಕ್ಕೇ ಅವರು ಆಮೇಲೆ ನನ್ನ ಮುಖ ನೋಡಲಿಲ್ಲ. "ನಿಂಗೆ ಒಳ್ಳೇದು ಸಿಕ್ರೆ ಅದನ್ನೇ ಇಡು. ನನ್ನದೇನೂ ತಕರಾರಿಲ್ಲ" ಅಂದು ಜೀಪು ಹತ್ತಿದರು.

ಹೂಮಳೆ ಬಿದ್ದ ವಾರ. ಗಿಡವೆಲ್ಲ ಬೆಳ್ಳಗೆ ಹೂವಾಗಿ, ಜೇನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸ್ತಿರಲಿಲ್ಲ. ಆ ದಾರಿಯಲ್ಲಿ ಸೌದೆಗೆ ಹೋಗೋ ಹೆಂಗಸರು ನಿಂತು ನೋಡೋರು, ಒಂದೇ ಪ್ರಶ್ನೆ ಕೇಳೋರು: "ಯಾಕಣ್ಣಾ ಇದು?" ನಾನು "ಸುಮ್ನೆ" ಅನ್ನೋದು, ಅವರು ನಗೋದು. ಅವತ್ತು ನನ್ನ ಬಾಯಲ್ಲಿ ಎಲೆಯಡಿಕೆ ತುಂಬಿತ್ತು. ನನ್ನ ಬದಲು ದೊಡ್ಡಕ್ಕನೇ ಉತ್ತರ ಕೊಟ್ಟರು. ತಲೆ ಮೇಲಿನ ಕಲ್ಲನ್ನು ಇಳಿಸದೆ, ಸೊಂಟದ ಮೇಲೆ ಕೈಯಿಟ್ಟು, "ಸುಮ್ನೆ ಕಣವ್ವಾ! ನಿನ್ ಮೂಗುತಿ ಯಾಕೆ ಅಂತ ನಾನ್ ಕೇಳಿದ್ನಾ?" ಅಂದರು.

ಆ ಹೆಂಗಸು ನಗಲಿಲ್ಲ. ಮೂಗುತಿ ಮುಟ್ಟಿ ನೋಡಿಕೊಂಡು ಹೋದಳು.

ನಾನು ಇಷ್ಟು ದಿನ ನಾಚಿಕೊಂಡು ಹೇಳ್ತಿದ್ದ ಮಾತನ್ನು ಅವರು ಎದೆ ಸೆಟೆಸಿ ಹೇಳಿದ್ದರು. ಹೆಸರನ್ನು ಹುಡುಕಿಕೊಂಡು ನಾನು ಎಲ್ಲೆಲ್ಲೋ ಹೋಗಿದ್ದೆ, ಅದು ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲೇ ಬಂದು ಹೋಗ್ತಿತ್ತು. ಸುಮ್ನೆ. ಬರೀ ಸುಮ್ನೆ ಅಂದರೆ ಹೆಸರಾಗೋದಿಲ್ಲ, ಅದಕ್ಕೊಂದು ಮೈ ಬೇಕು. ಎದುರಿಗೆ ನೋಡಿದರೆ ಎಂಟು ಮೆಟ್ಟಿಲು ಎದ್ದು ನಿಂತ ದುಂಡನೆ ಕಲ್ಲು, ಗುಮ್ಮಟದ ಹಾಗೆ. ಗುಮ್ಮಟ ಅನ್ನೋ ಹಾಗೇ ಸುಮ್ಮಟ ಅಂದೆ. ಎಲೆಯಡಿಕೆ ಉಗಿದು ಇನ್ನೊಂದು ಸಲ ಅಂದೆ. ಕಲ್ಲು ಕಲ್ಲಿಗೆ ಕೂತಾಗ ಒಂದು ಸದ್ದು ಬರುತ್ತೆ, ಇನ್ನು ಅಲ್ಲಾಡೋದಿಲ್ಲ ಅನ್ನೋ ಸದ್ದು. ಹಾಗೆ ಕೂತಿತು.

ಪರೀಕ್ಷೆ ಮಾಡಬೇಕಲ್ಲ. ಎಂಟನೇ ಮೆಟ್ಟಿಲ ಮೇಲೆ ನಿಂತು ಕೆಳಗಿನ ಬ್ಲಾಕಿನಲ್ಲಿ ಕಳೆ ತೆಗೀತಿದ್ದ ಹೆಂಗಸರಿಗೆ ಕೇಳೋ ಹಾಗೆ ಕೂಗಿದೆ: "ಸುಮ್ಮಟಾ!"

ಕೆಳಗಿಂದ ಒಂದು ದನಿ ಬಂತು: "ಯಾರ್ ಮನೇದು ಮೇಸ್ತ್ರೀ? ಊಟಕ್ಕೆ ಹೋಳಿಗೆನಾ?"

ಯಾರ ಮನೆಯದೋ ಶುಭಕಾರ್ಯದ ಹೆಸರು ಅಂತ ಅವರು ತಿಳಿದಿದ್ದರು, ಪದ ಪಾಸಾಯಿತು ಅಂದುಕೊಂಡೆ. ಹೋಳಿಗೆ ನೆನಪಾಗೋ ಪದದಲ್ಲಿ ಬೈಗುಳ ಇರೋಕೆ ಸಾಧ್ಯವಿಲ್ಲ.

ಸಂಜೆಯೇ ರೈಟರಿಗೆ ಹೇಳಿದೆ. ಅವರು ಕಿವಿ ಕೆರೆದುಕೊಂಡರು. "ಅಂಥ ಪದಾನೇ ಇಲ್ಲ ಮೇಸ್ತ್ರಿ. ನಾನು ಬಿ.ಎ.ನಲ್ಲಿ ಕನ್ನಡ ತಗೊಂಡಿದ್ದೆ."

"ಇರ್ಲಿಲ್ಲ. ಈಗ ಐತೆ."

"ನೀವ್ ಹೇಳಿದ್ರೆ ಆಗ್ಬುಡ್ತಾ?"

"ಹೆಸ್ರು ತನ್ನಿ ಕೂಗ್ತೀನಿ ಅಂದೋರು ನೀವು."

"ತಮಾಷೆಗಂದೆ ಮಾರಾಯ್ರೇ. ಕಣದ ತುಂಬ ಜನ ನಗ್ತಾರೆ."

"ಈಗ ನಗ್ತಿಲ್ವಾ?" ಅಂದೆ. ಅವರು ಸ್ಟೋರ್ ಬೀಗ ಹಾಕಿಕೊಂಡು ಹೊರಟರು.

ಮರುದಿನ, "ಹುಚ್ಚಿಗೆ ಮೇಸ್ತ್ರಿ ಒಬ್ಬ" ಅಂತ ಕೂಗಿದಾಗ ನಾನು ಹೆಜ್ಜೆ ಇಡಲಿಲ್ಲ.

ಮತ್ತೆ ಕೂಗಿದರು. ನಿಂತೇ ಇದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಹಾಗೆ ನಿಂತವನಲ್ಲ ನಾನು. ಜ್ವರ ಬಂದಾಗಲೂ ಹೆಜ್ಜೆ ಇಟ್ಟಿದ್ದೀನಿ. "ಮೇಸ್ತ್ರಿ ಗೈರು" ಅಂದರು ರೈಟರ್, ದನಿ ಸ್ವಲ್ಪ ಇಳಿದಿತ್ತು. ನಾನು ಹಾರೆ ಹೆಗಲಿಗಿಟ್ಟು ಗುಡ್ಡ ಹತ್ತಿ, ದಿನಾ ಮಾಡೋ ಕೆಲಸವನ್ನೇ ಮಾಡಿದೆ.

ಎರಡನೇ ದಿನವೂ ನಿಂತೆ. ಅವತ್ತು ದೊಡ್ಡಕ್ಕನೂ ಮುಂದಕ್ಕೆ ಹೋಗಲಿಲ್ಲ, ಸೊಸೆಯ ಸೆರಗನ್ನೂ ಹಿಡಿದು ನಿಲ್ಲಿಸಿಕೊಂಡರು. ನಾನು ಗಾಬರಿಯಾಗಿ, "ಅಕ್ಕಾ, ನೀವ್ ಹೋಗಿ. ನನಗೋಸ್ಕರ ನೀವ್ ಯಾಕೆ ದಿನ ಕಳ್ಕೊಳ್ತೀರಾ?" ಅಂದೆ.

"ನಿನಗೋಸ್ಕರ ಯಾವಳ್ ನಿಂತವ್ಳೆ?" ಅಂದರು, ಕಣಕ್ಕೆಲ್ಲ ಕೇಳೋ ಹಾಗೆ. "ಕಲ್ಲು ಹೊತ್ತೋಳು ನಾನು. ನನ್ ತಲೆ ಮ್ಯಾಲಿದ್ದಿದ್ದು ಹುಚ್ಚಾ?"

ಅವತ್ತು ಯಾರೂ ನಗಲಿಲ್ಲ. ಮೂವರೂ ಗೈರು. ಮೂವರೂ ಗುಡ್ಡ ಹತ್ತಿದೆವು.

ಮೂರನೇ ದಿನವೂ ಅದೇ ಆಯಿತು. ಗೈರಾದವರು ತೋಟದೊಳಗೆ ಸಾಮಾನು ಮುಟ್ಟೋ ಹಾಗಿಲ್ಲ ಅನ್ನೋದೂ ಕಟ್ಟಲೆಯೇ. ಅವತ್ತು ನಾಲ್ಕು ಗಂಟೆ ಹೊತ್ತಿಗೆ ರೈಟರ್ ಏದುಸಿರು ಬಿಡುತ್ತಾ ಮೇಲೆ ಬಂದರು. ದೊಡ್ಡಕ್ಕ, ಸೊಸೆ ನೀರು ತರೋಕೆ ಕೆಳಗೆ ಹೋಗಿದ್ದರು. ಹನ್ನೊಂದೂ ಮೆಟ್ಟಿಲು ಆಗಿತ್ತು. ಹಳೇ ಕೊಟ್ಟಿಗೆಯ ಕಲ್ಲಿನ ಚೌಕಟ್ಟನ್ನು ಹಿಂದಿನ ದಿನವೇ ಎತ್ತಿ ನಿಲ್ಲಿಸಿದ್ದೆವು. ಹಾಸುಗಲ್ಲಿನ ಅಡಿಗೆ ಚಕ್ಕೆ ಕೊಡೋದಷ್ಟೇ ಬಾಕಿ.

"ಗೈರಾಗಿ ಕೆಲ್ಸ ಮಾಡೋ ಹಾಗಿಲ್ಲ ಮೇಸ್ತ್ರಿ. ಗೊತ್ತಲ್ವಾ?"

"ಕೆಲ್ಸ ಎಲ್ಲಿ ಮಾಡ್ತಿದೀನಿ? ನಿಮ್ ಪ್ರಕಾರ ಇದು ಹುಚ್ಚು ತಾನೆ?"

ರೈಟರ್ ಹಣೆ ಒರೆಸಿಕೊಂಡರು. ಮೆಟ್ಟಿಲ ಕಡೆ ನೋಡಿದರು. "ಹತ್ಲಾ?"

"ಚಪ್ಲಿ ಬಿಡೋದೇನೂ ಬ್ಯಾಡ. ಗುಡಿ ಅಲ್ಲ."

ಹತ್ತಿದರು. ಸುತ್ತು ಮೆಟ್ಟಿಲು, ಅರ್ಧಕ್ಕೆ ಹೋಗೋ ಹೊತ್ತಿಗೆ ಹತ್ತೋರ ಮುಖ ಬೇರೆ ದಿಕ್ಕಿಗೆ ತಿರುಗಿರುತ್ತೆ. ಮೇಲೆ ಹೋಗಿ ಚೌಕಟ್ಟಿನಲ್ಲಿ ನಿಂತರು. ಬಾಗಿಲಿಲ್ಲದ ಬಾಗಿಲನ್ನು ದಾಟುವಾಗ ಎತ್ತರದ ಆ ಮನುಷ್ಯ ತಲೆ ಬಗ್ಗಿಸಿದರು. ಬಗ್ಗಿಸೋ ಅಗತ್ಯ ಇರಲಿಲ್ಲ. ಹಾಸುಗಲ್ಲಿನ ಮೇಲೆ ಕೂತರು. ಬಹಳ ಹೊತ್ತು ಇಳಿಯಲೇ ಇಲ್ಲ. ನಾನು ಕೆಳಗೆ ನಿಂತು ಚಕ್ಕೆ ಒಡೀತಾ ಇದ್ದೆ.

"ಇಲ್ಲಿಂದ ಏನು ಕಾಣ್ಬೇಕು ಮೇಸ್ತ್ರಿ?" ಮೇಲಿಂದ ಕೇಳಿದರು.

"ಏನೂ ಕಾಣ್ಬೇಕಾಗಿಲ್ಲ. ಒಂದು ಹಲಸಿನ ಮರ, ಆ ಅಗಳು."

"ಅಗಳು ಮಾತ್ರ ದಾರ ಹಿಡ್ದು ತೋಡಿದ ಹಾಗೈತಲ್ರೀ, ಇಲ್ಲಿಂದ ನೋಡಿದ್ರೆ. ಒಂದು ಗೇಣು ಸೊಟ್ಟ ಇಲ್ಲ. ಯಾರು ಆ ದಡ್ಡ?"

ನನ್ನ ಕೈ ನಿಂತಿತು. ಆಗ ಹೊಳೀತು, ಈ ಮನುಷ್ಯನಿಗೆ ಗೊತ್ತೇ ಇಲ್ಲ. ಎರಡು ವರ್ಷದಿಂದ ವಾರಕ್ಕೆ ಎರಡು ಸಲ ನನ್ನ ಮುಖಕ್ಕೇ ಕೂಗಿದ್ದಾರೆ, 'ಕೊಡೆ ಹಾರಿದ ಬ್ಲಾಕು' ಅಂತ ಕೂಗೋ ಹಾಗೇ. ಹೇಳಿದವರು ಯಾರೂ ಇಲ್ಲ. ನಾನಂತೂ ಹೇಳೋ ಜಾಯಮಾನದವನಲ್ಲ. ಅಪ್ಪ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಬಾಯಿ ಬಿಡದಿರೋದೇ ದೊಡ್ಡಸ್ತಿಕೆ ಅಂತ ಇಬ್ಬರೂ ತಿಳಿದಿದ್ದೆವು.

"ನಮ್ಮಪ್ಪ" ಅಂದೆ.

ರೈಟರ್ ಚೌಕಟ್ಟಿನಿಂದ ಬಗ್ಗಿ ಕೆಳಗೆ ನೋಡಿದರು.

"ಮಣ್ಣು ಆ ಕಡೆ ಹಾಕು ಅಂತ ಹೇಳಿದ್ದು ಆಗಿನ ರೈಟ್ರು. ನಮ್ಮಪ್ಪ ಅದನ್ನ ಯಾರಿಗೂ ಹೇಳ್ಲಿಲ್ಲ. ನೀವು ಈಗ ಹತ್ತಿದ ಮೆಟ್ಟಿಲಿನ ಕಲ್ಲೆಲ್ಲಾ ಅವನೇ ಅಗಳಿಂದ ಎಬ್ಬಿಸಿದ್ದು." ಅಷ್ಟು ಹೇಳೋ ಹೊತ್ತಿಗೆ ಬೆವೆತು ಹೋಗಿದ್ದೆ. ಹಾರೆ ಹಿಡಿದು ಯಾವತ್ತೂ ಹಾಗೆ ಬೆವೆತಿರಲಿಲ್ಲ.

ರೈಟರ್ ಇಳಿದು ಬಂದರು. ಇಳಿಯುವಾಗ ಒಂದೊಂದು ಮೆಟ್ಟಿಲನ್ನೂ ನೋಡಿ ನೋಡಿ ಕಾಲಿಟ್ಟರು. ನನಗೆ ಸಮಾಧಾನದ ಮಾತು ಏನೂ ಹೇಳಲಿಲ್ಲ. ಹೇಳಿದ್ದರೆ ನನಗೆ ಸಿಟ್ಟೇ ಬರ್ತಿತ್ತು. "ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ" ಅಂದು ಹೋದರು.

ಮರುದಿನ ಕಣದಲ್ಲಿ ಕೆಲಸ ಒಂದೊಂದೇ ಕೂಗಿದರು. ಮರಗಸಿ ಆಯಿತು, ಚಿಗುರು ಆಯಿತು, ಗೊಬ್ಬರ ಆಯಿತು. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಸುಮ್ಮಟಕ್ಕೆ, ಕಲ್ಲು ಮೇಸ್ತ್ರಿ ಒಬ್ರು, ಇಬ್ರು ಹೆಣ್ಣಾಳು" ಅಂದರು. ಮರಗಸಿಯವನೊಬ್ಬ ಕಿಸಕ್ಕನೆ ನಕ್ಕ. "ಯಾಕಪ್ಪಾ, ನಿನ್ಗೂ ಅಲ್ಲೇ ಕೆಲ್ಸ ಬೇಕಾ? ಕಲ್ಲು ಹೊರ್ತೀಯಾ?" ಅಂತ ರೈಟರ್ ಕೇಳಿದರು. ಅವನು ದೊಡ್ಡಕ್ಕನ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ನಾನು ಹೆಜ್ಜೆ ಇಟ್ಟೆ.

ಎರಡು ದಿನಕ್ಕೆ ಕೆಲಸ ಮುಗೀತು. ಸಾವ್ಕಾರ್ರು ಬಂದು ಬೆತ್ತ ಊರಿ ಹನ್ನೊಂದೂ ಮೆಟ್ಟಿಲು ಹತ್ತಿ, ಕೂತು, ಒಂದು ಲೋಟ ಕಾಫಿ ಕುಡಿದು ಇಳಿದರು. "ಹೆಂಗೈತೆ ಸಾವ್ಕಾರ್ರೆ?" ಅಂದೆ. "ಹೇಳೋಕೇನೂ ಇಲ್ಲ ಕಣಯ್ಯಾ, ಅದಕ್ಕೇ ಚೆನ್ನಾಗೈತೆ" ಅಂದರು.

ಆಮೇಲೆ ಪದ ನನ್ನ ಕೈ ಬಿಟ್ಟು ಓಡಾಡಿತು. ಕೆ. ಹೊಸಕೋಟೆ ರಸ್ತೆಯಲ್ಲಿ ಒಬ್ಬರು ಗದ್ದೆ ನಡುವೆ, ಬೇಲಿಯಿಲ್ಲ ಏನಿಲ್ಲ, ಒಂದು ಗೇಟು ಮಾತ್ರ ನಿಲ್ಲಿಸಿ ಅದಕ್ಕೆ ಸೈಕಲ್ ಬೆಲ್ಲು ಹಾಕಿದ್ದಾರೆ. ಬಸ್ಸಿನಲ್ಲಿ ಕೂತ ದೊಡ್ಡಕ್ಕನ ಸೊಸೆ, ಮಾತೇ ಆಡದ ಆ ಹೆಣ್ಣುಮಗಳು, ಕಿಟಕಿಯಿಂದ ಅದನ್ನು ತೋರಿಸಿ, "ಅಣ್ಣಾ, ಅಲ್ಲೊಂದು ಸುಮ್ಮಟ" ಅಂದಳು. ಸರಿಯಾಗೇ ಅಂದಳು. ಆದರೆ ಬೆಳಗೋಡಿನಲ್ಲಿ ಕಂಟ್ರಾಕ್ಟರೊಬ್ಬ ಅರ್ಧಕ್ಕೆ ಬಿಟ್ಟು ಹೋದ ಕಟ್ಟಡವನ್ನು ರೈಟರ್ ಸುಮ್ಮಟ ಅಂದಾಗ ನಾನು ಒಪ್ಪಲಿಲ್ಲ. ಸುಮ್ಮಟ ಅಂದರೆ ಉಪಯೋಗಕ್ಕಲ್ಲ ಅಂತ ಗೊತ್ತಿದ್ದೂ, ಉಪಯೋಗದ್ದಕ್ಕಿಂತ ಚೆನ್ನಾಗಿ ಮಾಡಿದ್ದು. ಕೈಬಿಟ್ಟಿದ್ದಕ್ಕೆ ಹಾಳು ಅನ್ನೋ ಮಾತು ಮೊದಲೇ ಐತೆ.

ಒಂದು ದಿನ ಬೆಳಿಗ್ಗೆ ನೋಡಿದರೆ ಸುಮ್ಮಟದ ಪಕ್ಕೆಯಲ್ಲಿ ನನ್ನ ತಲೆಗಿಂತ ಎತ್ತರಕ್ಕೆ ಕೆಸರು ಮೆತ್ತಿತ್ತು. ಆನೆ ಬಂದು ಮೈ ತಿಕ್ಕಿಕೊಂಡು ಹೋಗಿತ್ತು. ಒಂದು ಚಕ್ಕೆಯೂ ಉದುರಿರಲಿಲ್ಲ. ರೈಟರ್ ಖುಷಿಯಿಂದ, "ಮೇಸ್ತ್ರಿ, ಉಪಯೋಗ ಸಿಕ್ಬುಡ್ತಲ್ರೀ!" ಅಂದರು. "ಅದೂ ಸುಮ್ನೆ ತಿಕ್ಕೊಂಡಿರೋದು" ಅಂದೆ.

ಇನ್ನು ನಮ್ಮಪ್ಪನ ಅಗಳು. ಅದು ಸುಮ್ಮಟವಾ ಅಂತ ನನ್ನ ಹೆಂಡತಿ ಒಂದು ಸಲ ಕೇಳಿದಳು. ಅಲ್ಲ. ಅದು ಕೆಲಸ. ಕೆಲಸ ಅಂತಲೇ ಆರು ಜನ ಬೆವರು ಸುರಿಸಿ ಮಾಡಿದ್ದು, ಇನ್ನೊಬ್ಬರ ತಪ್ಪಿಂದ ಕೆಟ್ಟಿದ್ದು. ಅದಕ್ಕೆ ಹೊಸ ಹೆಸರು ಬೇಕಿಲ್ಲ. ಅಗಳು ಅಂದರೆ ಸಾಕು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಎಲ್ಲರೂ ಸ್ಟೋರಿನ ಸೂರಿನ ಕೆಳಗೆ ಒತ್ತಿಕೊಂಡು ನಿಂತಿದ್ದೆವು. ಮಳೆ ಸದ್ದಿನ ಮೇಲೆ ರೈಟರ್ ಕೂಗಿದರು: "ಸುಮ್ಮಟದ ಬ್ಲಾಕಿಗೆ ಎಂಟು ಆಳು!" ಎಂಟು ಜನ ಮುಂದಕ್ಕೆ ಬಂದರು. ಯಾರೂ ಎಲ್ಲಿ ಅಂತ ಕೇಳಲಿಲ್ಲ. ಗುದ್ದಲಿ ತಗೊಂಡು ಮೇಲಿನ ದಾರಿ ಹಿಡಿದರು. ಅವತ್ತು ನನ್ನ ಕೆಲಸ ಬೇರೆ ಕಡೆ ಇತ್ತು. ಆದರೂ ಅವರು ತಿರುವು ದಾಟೋವರೆಗೂ ಅಲ್ಲೇ ನಿಂತಿದ್ದೆ.

ಹಳಬರಲ್ಲಿ ಇಬ್ಬರು ಇನ್ನೂ ದಡ್ಡನ ಅಗಳು ಅಂತಲೇ ಅಂತಾರೆ. ಹಿಂದೆ ಕೇಳಿಸಿಕೊಂಡು ಮುಂದೆ ಹೋಗ್ತಿದ್ದೆ. ಈಗ ಹೋಗೋದಿಲ್ಲ. ಹಾರೆ ಕೆಳಗಿಟ್ಟು, ಎದುರಿಗೆ ನಿಂತು, "ಸುಮ್ಮಟದ ಬ್ಲಾಕು" ಅಂತ ತಿದ್ದುತ್ತೀನಿ. ಅವರು ಮತ್ತೆ ಹಾಗೇ ಅಂದರೆ ನಾನೂ ಮತ್ತೆ ಹೀಗೇ ಅಂತೀನಿ. ಅವರಿಗೂ ವಯಸ್ಸಾಗಿದೆ, ನನಗೂ ಆಗ್ತಾ ಇದೆ. ಯಾರ ಬಾಯಿ ಮೊದಲು ಸೋಲುತ್ತೋ ನೋಡೋಣ.